ಧರ್ಮದ ಕಾಲಂನಲ್ಲಿ ‘ಇಲ್ಲ’ ಎಂದು ಬರೆದರೆ ಬದುಕಿಗೆ ಅರ್ಥ ಎಲ್ಲಿಂದ?

ಕೇಂದ್ರ ಸರ್ಕಾರವು 2025ರ ಜೂನ್ ತಿಂಗಳಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ದೇಶದ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಧರ್ಮ ಯಾವುದು ಎಂಬ ಪ್ರಶ್ನೆ ಹಿಂದಿನ ಗಣತಿಗಳಲ್ಲೂ ಇತ್ತು. ಈ ಸಲ ಅದರ ಜೊತೆಗೆ ಎಲ್ಲರ ಜಾತಿಯನ್ನೂ ದಾಖಲಿಸಲಾಗುತ್ತದೆ. ಅದೇ ಜೂನ್ ತಿಂಗಳಲ್ಲಿ ಮದ್ರಾಸ್ ಹೈಕೋರ್ಟಿನ ವಿಭಾಗೀಯ ಪೀಠವು, ಆಂಧ್ರದ ಗಡಿಗೆ ತಾಗಿಕೊಂಡಿರುವ ತಿರುಪತ್ತೂರು ಜಿಲ್ಲೆಯ ಅರ್ಜಿದಾರರೊಬ್ಬರಿಗೆ ‘ಜಾತಿ ಇಲ್ಲ, ಧರ್ಮ ಇಲ್ಲ’ ಎಂಬ ಪ್ರಮಾಣಪತ್ರ ಕೊಡಬೇಕೆಂದು ಕಂದಾಯ ಅಧಿಕಾರಿಗಳಿಗೆ ಆದೇಶಿಸಿತು. ಅದಕ್ಕೂ ಮೊದಲು, 2024ರ ಏಪ್ರಿಲ್‌ನಲ್ಲಿ, ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ನಂಬಿಕೆಯನ್ನು ತೊರೆದ ಆಲಪ್ಪುಳದ ಮಹಿಳೆಯೊಬ್ಬರು ತಮ್ಮ ಆಸ್ತಿಗೆ ಷರೀಅತ್‌ನ ಬದಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗಬೇಕೆಂದು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ನೋಟಿಸು ಜಾರಿ ಮಾಡಿತ್ತು.

ಈ ಮೂರೂ ಸುದ್ದಿಗಳು ಬೇರೆ ಬೇರೆ ಊರಿನವು, ಬೇರೆ ಬೇರೆ ಕಾನೂನಿಗೆ ಸೇರಿದವು. ಆದರೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡ ಓದುಗರಲ್ಲಿ ಅವು ಎಬ್ಬಿಸುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಧರ್ಮವಿಲ್ಲ ಎಂದು ಬರೆಯಲು ಅವಕಾಶವಿದೆಯೇ? ಬರೆದರೆ ಮಕ್ಕಳ ಶಾಲೆಗೆ, ಮದುವೆಗೆ, ಆಸ್ತಿಗೆ ತೊಂದರೆಯಾದೀತೇ? ಈ ಪ್ರಶ್ನೆಗಳ ಹಿಂದೆ ಇನ್ನೊಂದಿದೆ, ಅದನ್ನು ಜನ ಸ್ವಲ್ಪ ಸಂಕೋಚದಿಂದಲೇ ಕೇಳುತ್ತಾರೆ: ದೇವರು, ದೈವ, ಪರಲೋಕ ಯಾವುದನ್ನೂ ನಂಬದ ಮನುಷ್ಯ ಕಷ್ಟ ಬಂದಾಗ ಯಾವುದನ್ನು ಹಿಡಿದುಕೊಳ್ಳುತ್ತಾನೆ, ಯಾತಕ್ಕೆಂದು ಬದುಕುತ್ತಾನೆ? ಕಾನೂನಿನ ಗೊಂದಲವನ್ನು ಬಿಡಿಸುವುದು ಅಷ್ಟು ಕಷ್ಟವಲ್ಲ. ಈ ಕೊನೆಯ ಪ್ರಶ್ನೆಗೆ ಹೆಚ್ಚು ತಾಳ್ಮೆ ಬೇಕು.

ಅರ್ಜಿಯ ಧರ್ಮವೂ ಮನಸ್ಸಿನ ನಂಬಿಕೆಯೂ

ಮೊದಲು ಕಾಗದದ ವಿಷಯ. ಜನಗಣತಿಯಲ್ಲಿ ‘ಧರ್ಮವಿಲ್ಲ’ ಎಂದು ಉತ್ತರಿಸಲು ಯಾವ ಅಡ್ಡಿಯೂ ಇಲ್ಲ. ಸಂವಿಧಾನದ 25ನೇ ವಿಧಿ ಕೊಟ್ಟಿರುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯ. ಯಾವ ಧರ್ಮವನ್ನೂ ಒಪ್ಪದಿರುವುದೂ ಅದರೊಳಗೆ ಬರುತ್ತದೆ, ಧರ್ಮವನ್ನು ಘೋಷಿಸಲೇಬೇಕೆಂದು ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟು 2014ರಲ್ಲೇ ಹೇಳಿದೆ. ಗಣತಿದಾರರಿಗೆ ಕೊಟ್ಟ ಉತ್ತರ ಮುಂದೆ ಎಲ್ಲಿಯೋ ತಮ್ಮ ವಿರುದ್ಧ ಸಾಕ್ಷಿಯಾದೀತು ಎಂಬ ಭಯಕ್ಕೂ ಆಧಾರವಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿಯ ವೈಯಕ್ತಿಕ ದಾಖಲೆಗಳನ್ನು ಬೇರೆಯವರು ಪರಿಶೀಲಿಸುವಂತಿಲ್ಲ, ಅವು ನ್ಯಾಯಾಲಯದಲ್ಲಿ ಪುರಾವೆಯಾಗಿಯೂ ನಡೆಯುವುದಿಲ್ಲ. ಗ್ರಾಮ ಕಚೇರಿಯ ಪ್ರಮಾಣಪತ್ರವೇ ಬೇರೆ, ಗಣತಿಯ ಉತ್ತರವೇ ಬೇರೆ. ಅರ್ಧಕ್ಕರ್ಧ ಗೊಂದಲ ಹುಟ್ಟಿರುವುದು ಇವೆರಡನ್ನು ಒಂದೇ ಎಂದು ತಿಳಿದದ್ದರಿಂದ.

ಪ್ರಮಾಣಪತ್ರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಆ ಸ್ಥಾನಮಾನ ಸಿಗುವುದು ಹಿಂದೂ, ಸಿಖ್ ಅಥವಾ ಬೌದ್ಧ ಧರ್ಮಕ್ಕೆ ಸೇರಿದವರಿಗೆ ಮಾತ್ರ. ಆದ್ದರಿಂದ ‘ಜಾತಿ ಇಲ್ಲ, ಧರ್ಮ ಇಲ್ಲ’ ಎಂಬ ಪತ್ರ ಪಡೆಯುವುದು ಮೇಲ್ಜಾತಿಯಲ್ಲಿ ಹುಟ್ಟಿದವರಿಗೆ ಆದರ್ಶದ ಮಾತಾದರೆ, ದಲಿತ ಕುಟುಂಬಕ್ಕೆ ಹಕ್ಕುಗಳನ್ನೇ ಪಣಕ್ಕಿಡುವ ಮಾತು. ಇದನ್ನು ಮರೆತು ‘ಎಲ್ಲರೂ ಧರ್ಮದ ಕಾಲಂ ಖಾಲಿ ಬಿಡಿ’ ಎಂದು ಕರೆ ಕೊಡುವುದು ನ್ಯಾಯವಲ್ಲ. ಇನ್ನೊಂದು ದಿಕ್ಕಿನಲ್ಲಿ, ಧರ್ಮವಿಲ್ಲ ಎಂದು ಘೋಷಿಸಿಕೊಂಡ ವಿದ್ಯಾರ್ಥಿಗಳಿಗೆ ಆರ್ಥಿಕವಾಗಿ ಹಿಂದುಳಿದವರ ಶೇ 10ರ ಮೀಸಲಾತಿಯನ್ನು ನಿರಾಕರಿಸುವಂತಿಲ್ಲ ಎಂದು ಕೇರಳ ಹೈಕೋರ್ಟು 2022ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಮದುವೆ ಮತ್ತು ಆಸ್ತಿಯ ಕಾನೂನು ಇನ್ನೂ ವಿಚಿತ್ರ. ಹಿಂದೂ ವಿವಾಹ ಕಾಯ್ದೆಯು ಮುಸ್ಲಿಂ, ಕ್ರೈಸ್ತ, ಪಾರ್ಸಿ ಅಥವಾ ಯಹೂದಿ ಅಲ್ಲದವರನ್ನು ಸಾಮಾನ್ಯವಾಗಿ ಹಿಂದೂ ಎಂದೇ ಎಣಿಸುತ್ತದೆ. ಅಂದರೆ ಹಿಂದೂ ಮನೆಯಲ್ಲಿ ಹುಟ್ಟಿದ ನಾಸ್ತಿಕ ಎಷ್ಟೇ ಗಟ್ಟಿಯಾಗಿ ಇಲ್ಲ ಎಂದರೂ ಕಾನೂನಿನ ಕಣ್ಣಿಗೆ ಅವನು ಹಿಂದೂ. ಕಾನೂನು ಧರ್ಮವೆಂದು ನೋಡುತ್ತಿರುವುದು ಮನುಷ್ಯ ಏನನ್ನು ನಂಬುತ್ತಾನೆ ಎಂಬುದನ್ನಲ್ಲ, ಅವನು ಯಾವ ಮನೆಯಲ್ಲಿ ಹುಟ್ಟಿದ ಎಂಬುದನ್ನು.

ಅಂಕಿಅಂಶಗಳಿಗೂ ಇದೇ ಮಿತಿ. 2011ರ ಗಣತಿಯಲ್ಲಿ ಧರ್ಮ ತಿಳಿಸದವರು ಸುಮಾರು 28.7 ಲಕ್ಷ, ಅಂದರೆ ಜನಸಂಖ್ಯೆಯ ಶೇ 0.24. ಅದೇ ಗಣತಿಯಲ್ಲಿ ನಾಸ್ತಿಕರೆಂದು ಬಾಯಿಬಿಟ್ಟು ಹೇಳಿದವರು ದೇಶದಲ್ಲಿ ಸುಮಾರು 33 ಸಾವಿರ, ಕೇರಳದಲ್ಲಿ ಐದು ಸಾವಿರದ ಒಳಗೆ. 2018ರಲ್ಲಿ ಕೇರಳದ ಶಾಲೆಗಳಲ್ಲಿ 1.23 ಲಕ್ಷಕ್ಕೂ ಹೆಚ್ಚು ಮಕ್ಕಳು ಜಾತಿ-ಧರ್ಮದ ಕಾಲಂ ಖಾಲಿ ಬಿಟ್ಟಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದಾಗ ಅದು ದೇಶದಾದ್ಯಂತ ಸುದ್ದಿಯಾಯಿತು. ಆದರೆ ನಮ್ಮ ಮಕ್ಕಳು ಧರ್ಮವನ್ನು ಬರೆದಿದ್ದಾರೆ, ಗಣಕಯಂತ್ರಕ್ಕೆ ಮಾಹಿತಿ ತುಂಬುವಾಗ ಬಿಟ್ಟುಹೋಗಿದೆ ಎಂದು ಹಲವು ಶಾಲೆಗಳು ಬೆನ್ನಿಗೇ ಹೇಳಿದವು. ಅಮೆರಿಕದ ಪ್ಯೂ ಸಂಸ್ಥೆ ಸುಮಾರು 30 ಸಾವಿರ ಭಾರತೀಯರನ್ನು ಮಾತನಾಡಿಸಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ 97 ಮಂದಿ ದೇವರನ್ನು ನಂಬುತ್ತೇವೆ ಎಂದಿದ್ದಾರೆ. ಹಾಗಿದ್ದೂ ಅದೇ ವರದಿಯಲ್ಲಿ ಬೌದ್ಧರ ಪೈಕಿ ಮೂರರಲ್ಲೊಬ್ಬರು ದೇವರನ್ನು ನಂಬುವುದಿಲ್ಲ ಎಂದಿದ್ದಾರೆ. ಕಾಲಂ ತುಂಬಿದವರೆಲ್ಲ ನಂಬುವವರಲ್ಲ, ಖಾಲಿ ಬಿಟ್ಟವರೆಲ್ಲ ನಂಬದವರೂ ಅಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ತಾಲೂಕು ಕಚೇರಿಯಲ್ಲಿ ಮಲಯಾಳ ಎಂದು ಬದುಕುವ ಕಾಸರಗೋಡಿನವರಿಗೆ, ಒಂದು ಚೌಕದೊಳಗೆ ಇಡೀ ಬದುಕು ಹಿಡಿಸುವುದಿಲ್ಲ ಎಂಬುದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಧರ್ಮ ಮಾಡುವ ಕೆಲಸಗಳು ಯಾವುವು?

ನಂಬಿಕೆ ಹೋದರೆ ಅರ್ಥವೂ ಹೋಗುತ್ತದೆಯೇ ಎಂದು ಕೇಳುವ ಮೊದಲು, ಧರ್ಮವು ಬದುಕಿನಲ್ಲಿ ಏನೇನು ಕೆಲಸ ಮಾಡುತ್ತಿದೆ ಎಂದು ಬಿಡಿಸಿ ನೋಡಬೇಕು. ಅದು ಜಗತ್ತು ಹೇಗಾಯಿತು, ಸತ್ತ ಮೇಲೆ ಏನು ಎಂಬುದಕ್ಕೆ ವಿವರಣೆ ಕೊಡುತ್ತದೆ. ಒಳ್ಳೆಯದು ಕೆಟ್ಟದ್ದರ ಲೆಕ್ಕ ಇಡುವವನೊಬ್ಬನಿದ್ದಾನೆ ಎಂಬ ಭರವಸೆ ಕೊಡುತ್ತದೆ. ವರ್ಷವನ್ನು ಹಬ್ಬ, ಜಾತ್ರೆ, ದೈವದ ನೇಮ, ಉರೂಸ್, ಇಗರ್ಜಿಯ ಸಾಂತುಮಾರಿ ಎಂದು ಭಾಗಮಾಡಿ ಕಾಲಕ್ಕೊಂದು ನಡೆಯನ್ನು ಕೊಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಗು ಹುಟ್ಟಿದಾಗ, ಮದುವೆಯಾದಾಗ, ಮನೆಯಲ್ಲಿ ಸಾವಾದಾಗ ಕರೆಯದೆಯೇ ಬರುವ ಜನರನ್ನು ಕೊಡುತ್ತದೆ.

ಇವುಗಳಲ್ಲಿ ಮೊದಲಿನ ಎರಡಕ್ಕೆ ನಂಬಿಕೆ ಬೇಕೇಬೇಕು. ಉಳಿದ ಎರಡಕ್ಕೆ ನಂಬಿಕೆಗಿಂತ ಹಾಜರಾತಿ ಮುಖ್ಯ. ಮನುಷ್ಯರಿಗೆ ತಮ್ಮ ಬದುಕು ಸಾರ್ಥಕ ಎನ್ನಿಸುವುದು ಇವುಗಳಲ್ಲಿ ಯಾವುದರಿಂದ? ಚೇಯೂನ್ ಲಿಮ್ ಮತ್ತು ರಾಬರ್ಟ್ ಪುಟ್ನಂ ಎಂಬ ಸಮಾಜವಿಜ್ಞಾನಿಗಳು ಅಮೆರಿಕದ ಜನರ ಬಗ್ಗೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಪ್ರಾರ್ಥನಾ ಸಭೆಗೆ ತಪ್ಪದೆ ಹೋಗುವವರು ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿರುತ್ತಾರೆ ಎಂಬುದು ಹಳೆಯ ತಿಳಿವಳಿಕೆ. ಇವರು ಒಂದು ಹೆಜ್ಜೆ ಮುಂದೆ ಹೋಗಿ ನೋಡಿದಾಗ, ಆ ತೃಪ್ತಿ ಕಂಡುಬಂದದ್ದು ಸಭೆಯಲ್ಲಿ ಆಪ್ತ ಸ್ನೇಹಿತರಿರುವವರಲ್ಲಿ. ಸಭೆಗೆ ಹೋಗಿಯೂ ಅಲ್ಲಿ ಯಾರೊಬ್ಬರ ಸ್ನೇಹವೂ ಇಲ್ಲದವರಲ್ಲಿ ಅದು ಕಾಣಲಿಲ್ಲ. ಅಮೆರಿಕದ ಮಾತನ್ನು ಕಾಸರಗೋಡಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೂ ಕಾರಣ ಎಲ್ಲಿರಬಹುದು ಎಂದು ಅದು ತೋರಿಸುತ್ತದೆ.

ನಂಬುವವರ ವಾದ ಹಗುರವಾದದ್ದಲ್ಲ

ಇಷ್ಟಕ್ಕೇ ಧರ್ಮವೆಂದರೆ ಗೆಳೆತನದ ಇನ್ನೊಂದು ಹೆಸರು ಎಂದುಬಿಟ್ಟರೆ ಎದುರು ಪಕ್ಷಕ್ಕೆ ಅನ್ಯಾಯವಾಗುತ್ತದೆ. ಶಿಗೆಹಿರೊ ಒಯಿಶಿ ಮತ್ತು ಎಡ್ ಡೀನರ್ 132 ದೇಶಗಳ ಸಮೀಕ್ಷೆಯನ್ನು ಇಟ್ಟುಕೊಂಡು 2014ರಲ್ಲಿ ತೋರಿಸಿದ್ದು ಬೇರೆಯೇ ಚಿತ್ರ. ಶ್ರೀಮಂತ ದೇಶಗಳ ಜನರಿಗೆ ಬದುಕಿನ ಬಗ್ಗೆ ಸಮಾಧಾನ ಹೆಚ್ಚು, ಆದರೆ ‘ನನ್ನ ಬದುಕಿಗೊಂದು ಅರ್ಥವಿದೆ, ಉದ್ದೇಶವಿದೆ’ ಎನ್ನುವವರ ಪ್ರಮಾಣ ಬಡ ದೇಶಗಳಲ್ಲೇ ಹೆಚ್ಚು. ಇದಕ್ಕೆ ಬಹುಮಟ್ಟಿಗೆ ಕಾರಣ ಬಡ ದೇಶಗಳಲ್ಲಿ ಧರ್ಮಶ್ರದ್ಧೆ ಗಾಢವಾಗಿರುವುದು ಎಂಬುದು ಅವರ ನಿಲುವು. ಅಂದರೆ ಸುಖ ಬೇರೆ, ಅರ್ಥ ಬೇರೆ. ಹೊಟ್ಟೆ ತುಂಬಿದ ಮಾತ್ರಕ್ಕೆ ಅರ್ಥ ತಾನಾಗಿ ಬರುವುದಿಲ್ಲ.

ನಂಬುವವರ ವಾದದ ತಿರುಳು ಇದು: ಅರ್ಥವೆಂಬುದು ನನಗಿಂತ ದೊಡ್ಡದರಿಂದ ಬರಬೇಕು. ನಾನೇ ಕಟ್ಟಿಕೊಂಡ ಅರ್ಥವಾದರೆ ನಾನು ಕುಸಿದ ದಿನ ಅದೂ ಕುಸಿಯುತ್ತದೆ. ಹುಟ್ಟಿನಿಂದ ಹಾಸಿಗೆ ಹಿಡಿದ ಮಗುವಿನ ತಾಯಿಗೆ ‘ಇದು ದೇವರು ಕೊಟ್ಟದ್ದು, ನೋಡಿಕೊಳ್ಳುವ ಶಕ್ತಿಯನ್ನೂ ಅವನೇ ಕೊಡುತ್ತಾನೆ’ ಎಂಬ ಒಂದು ಮಾತು ನಾಳೆ ಬೆಳಿಗ್ಗೆ ಏಳುವ ಬಲ ಕೊಡುವುದಾದರೆ, ಆ ಮಾತನ್ನು ಕಿತ್ತುಕೊಳ್ಳಲು ಯಾರಿಗೆ ಏನು ಹಕ್ಕಿದೆ? ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ, ಇದೆ ಎಂದು ನಟಿಸಲೂಬಾರದು. ನೈತಿಕತೆಯ ಬಗೆಗಿನ ಅವರ ಆತಂಕಕ್ಕೆ ಮಾತ್ರ ಆಧಾರ ಕಡಿಮೆ. ದೇವರ ಭಯವಿಲ್ಲದವನು ಕೆಟ್ಟವನಾಗುತ್ತಾನೆ ಎಂಬುದು ನಿಜವಾಗಿದ್ದರೆ, ಸೃಷ್ಟಿಕರ್ತನನ್ನೇ ಒಪ್ಪದ ಜೈನರು ಅಹಿಂಸೆಯನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿರಲಿಲ್ಲ. ಅವರ ಬಸದಿಗಳು ದೂರದಲ್ಲೇನೂ ಇಲ್ಲ, ಬಂಗ್ರಮಂಜೇಶ್ವರದಲ್ಲೇ ಇವೆ.

ನಂಬದವರ ಉತ್ತರ, ಅದರ ಕೊರತೆ

ನಂಬದವರ ಪರಂಪರೆ ಈ ದೇಶಕ್ಕೆ ಹೊರಗಿನಿಂದ ಬಂದದ್ದಲ್ಲ. ಚಾರ್ವಾಕರ ಕಾಲವನ್ನು ಬಿಟ್ಟರೂ, ಹತ್ತಿರದ ಇತಿಹಾಸದಲ್ಲೇ ಬೇಕಾದಷ್ಟಿದೆ. ನಾರಾಯಣ ಗುರುಗಳ ಶಿಷ್ಯ ಸಹೋದರನ್ ಅಯ್ಯಪ್ಪನ್ 1917ರಲ್ಲಿ ಚೆರಾಯಿಯಲ್ಲಿ ಎಲ್ಲ ಜಾತಿಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಿದರು. ಒಂದೇ ಜಾತಿ, ಒಂದೇ ಮತ, ಒಬ್ಬನೇ ದೇವರು ಎಂದ ಗುರುವಿನ ಮಾತನ್ನು ಜಾತಿ ಬೇಡ, ಮತ ಬೇಡ, ದೇವರು ಬೇಡ ಎಂದು ತಿದ್ದಿ ಹೇಳಿದರು, ಗುರುಗಳು ಅದಕ್ಕೆ ಅವರನ್ನು ದೂರ ಮಾಡಲಿಲ್ಲ. ತಮಿಳುನಾಡಿನಲ್ಲಿ ಪೆರಿಯಾರ್ ಅವರ ಚಳವಳಿ ಪುರೋಹಿತರಿಲ್ಲದ ಸ್ವಾಭಿಮಾನದ ಮದುವೆಗಳನ್ನು ನಡೆಸಿತು. 1967ರ ತಿದ್ದುಪಡಿ ಅವುಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಆಂಧ್ರದಲ್ಲಿ ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರ ರಾವ್ 1940ರಲ್ಲಿ ನಾಸ್ತಿಕ ಕೇಂದ್ರವನ್ನು ಕಟ್ಟಿ, ಅಸ್ಪೃಶ್ಯತೆಯ ವಿರುದ್ಧದ ದುಡಿಮೆಯನ್ನೇ ಅದರ ಮುಖ್ಯ ಕೆಲಸವಾಗಿಸಿದರು. ಇವರೆಲ್ಲ ಮೊದಲು ಅರ್ಥ ಯಾವುದೆಂದು ಹುಡುಕಿ ಆಮೇಲೆ ಕೆಲಸಕ್ಕೆ ಇಳಿದವರಲ್ಲ. ಕಣ್ಣೆದುರಿನ ಅನ್ಯಾಯ ಕೆಲಸಕ್ಕೆ ಎಳೆಯಿತು, ಆ ಕೆಲಸವೇ ಬದುಕಿಗೆ ಉದ್ದೇಶವಾಯಿತು.

ಸಾವಿನ ಎದುರಿನಲ್ಲಿ ಈ ನಿಲುವು ನಿಲ್ಲುತ್ತದೆಯೇ ಎಂಬ ಅನುಮಾನಕ್ಕೆ ಭಗತ್ ಸಿಂಗ್ ಅವರ ಉದಾಹರಣೆ ಇದೆ. 1930ರಲ್ಲಿ ಲಾಹೋರಿನ ಜೈಲಿನಲ್ಲಿದ್ದಾಗ ಅವರು ತಾವೇಕೆ ದೇವರನ್ನು ನಂಬುವುದಿಲ್ಲ ಎಂದು ವಿವರವಾಗಿ ಬರೆದರು. ನಂಬುವವನಿಗೆ ಮರುಜನ್ಮದ ಅಥವಾ ಸ್ವರ್ಗದ ನಿರೀಕ್ಷೆಯಿದೆ, ತಮಗೆ ಮಾತ್ರ ಕೊರಳಿಗೆ ಹಗ್ಗ ಬಿದ್ದ ಕ್ಷಣವೇ ಕೊನೆಯ ಕ್ಷಣ, ಹೋರಾಟದ ಬದುಕು ತನಗೆ ತಾನೇ ಪ್ರತಿಫಲ ಎಂಬುದು ಅವರ ಮಾತಿನ ಸಾರ. 1931ರ ಮಾರ್ಚ್ 23ರಂದು ಗಲ್ಲಿಗೇರುವವರೆಗೂ ಅವರು ಅದನ್ನು ಬದಲಿಸಲಿಲ್ಲ.

ಆದರೆ ಎಲ್ಲರೂ ಭಗತ್ ಸಿಂಗ್ ಆಗಲಾರರು. ನಂಬದವರ ಉತ್ತರದಲ್ಲಿರುವ ಕೊರತೆ ಇಲ್ಲಿಯೇ ಇದೆ. ‘ನಿನ್ನ ಬದುಕಿನ ಅರ್ಥವನ್ನು ನೀನೇ ಕಟ್ಟಿಕೋ’ ಎಂಬುದು ಓದು, ಸಂಬಳ, ಆರೋಗ್ಯ ಮೂರೂ ಇರುವವರ ಬಾಯಲ್ಲಿ ಸುಲಭವಾಗಿ ಬರುವ ಮಾತು. ಬೀಡಿ ಕಟ್ಟಿ ಅಥವಾ ಅಡಿಕೆ ಸುಲಿದು ಸಂಸಾರ ನಡೆಸುವ ಹೆಂಗಸಿಗೆ, ಗಂಡನ ಮನೆಯ ದೇವರನ್ನು ನಂಬುವುದಿಲ್ಲ ಎಂದು ಹೇಳುವುದೆಂದರೆ ನೆರೆಹೊರೆಯನ್ನೂ ಆಸರೆಯನ್ನೂ ಒಟ್ಟಿಗೆ ಕಳೆದುಕೊಳ್ಳುವ ಅಪಾಯ. ಊರಿನ ಮಸೀದಿಯ ಸಮುದಾಯ ಕೂಟವಾದ ಮಹಲ್ಲು ಜಮಾಅತ್‌ನಿಂದ ದೂರವಾದ ವ್ಯಕ್ತಿಗೆ ಮಕ್ಕಳ ಮದುವೆಯಿಂದ ಹಿಡಿದು ಕಬರಸ್ಥಾನದವರೆಗೆ ಎಲ್ಲವೂ ಪ್ರಶ್ನೆಯಾಗುತ್ತದೆ. ಕೇರಳದ ಯುಕ್ತಿವಾದಿ ಚಳವಳಿ ಪವಾಡಗಳನ್ನು ಬಯಲಿಗೆಳೆಯುವುದರಲ್ಲಿ ದೊಡ್ಡ ಕೆಲಸ ಮಾಡಿದೆ; ಹೀಗೆ ಒಂಟಿಯಾದವರ ಪಕ್ಕದಲ್ಲಿ ಕೂರುವುದರಲ್ಲಿ ಅಷ್ಟು ಮಾಡಿಲ್ಲ ಎಂದು ಹೇಳದೆ ವಿಧಿಯಿಲ್ಲ.

ಎಣ್ಮಕಜೆಯಲ್ಲಿ ಕಂಡದ್ದು

ನೋವಿಗೆ ಅರ್ಥ ಕೊಡುವ ಪ್ರಶ್ನೆಯನ್ನು ಕಾಸರಗೋಡು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗದಂಥ ಊರುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಕ್ಯಾನ್ಸರ್ ಮನೆಮನೆಯಲ್ಲೂ ಕಾಣಿಸಿಕೊಂಡಾಗ ಹಲವರು ಅದನ್ನು ದೈವದ ಮುನಿಸೆಂದು, ಶಾಪವೆಂದು ತಿಳಿದರು. ಆ ವಿವರಣೆಯಲ್ಲಿ ಒಂದು ಬಗೆಯ ಸಮಾಧಾನವಿತ್ತು; ಮುನಿಸಾದರೆ ಪರಿಹಾರ ಮಾಡಿಸಬಹುದು, ಕಾಣಿಕೆ ಕಟ್ಟಿಡಬಹುದು. ಆದರೆ ಅದೇ ವಿವರಣೆ ಸಂತ್ರಸ್ತರ ತಲೆಯ ಮೇಲೆ ತಪ್ಪನ್ನೂ ಹೊರಿಸಿತು. ಹಿರಿಯರು ಏನೋ ಮಾಡಿದ್ದಾರೆ, ಅದಕ್ಕೇ ಹೀಗಾಯಿತು ಎಂಬ ಮಾತನ್ನು ರೋಗದ ಜೊತೆಗೆ ಆ ಮನೆಗಳು ಹೊರಬೇಕಾಯಿತು.

ಕೃಷಿ ಪತ್ರಕರ್ತ ಶ್ರೀಪಡ್ರೆ ಮತ್ತು ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಅವರಂಥವರು ಕಾರಣವನ್ನು ಭೂಮಿಯ ಮೇಲೆಯೇ ಹುಡುಕಬೇಕೆಂದು ಪಟ್ಟು ಹಿಡಿದರು; ಎಲ್ಲಿ ಸಿಂಪಡಿಸಿದ್ದಾರೆ, ನೀರು ಯಾವ ಕಡೆ ಹರಿಯುತ್ತದೆ, ಯಾವ ಮನೆಯಲ್ಲಿ ಯಾವ ಕಾಯಿಲೆ ಎಂದು ಕೇಳತೊಡಗಿದರು. ಅವರ ಸ್ವಂತ ನಂಬಿಕೆ ಏನು ಎಂಬುದು ಇಲ್ಲಿ ಮುಖ್ಯವಲ್ಲ. ಕಾರಣವನ್ನು ಕೀಟನಾಶಕದಲ್ಲಿ ಹುಡುಕಿದ್ದರಿಂದ ಏನಾಯಿತು ಎಂಬುದು ಮುಖ್ಯ. ನೋವು ಕಡಿಮೆಯಾಗಲಿಲ್ಲ, ಆದರೆ ತಪ್ಪು ಸಂತ್ರಸ್ತರ ತಲೆಯಿಂದ ಇಳಿಯಿತು. ಹೊಣೆ ಯಾರದೆಂದು ಕೇಳಲು ಸಾಧ್ಯವಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದಿತು. ಅದು ವರ್ಷಗಳ ಕಾಲ ಕೈಗೆ ಸೇರದಿದ್ದಾಗ 2022ರಲ್ಲಿ ಮತ್ತೆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಈ ನಡುವೆ 2019ರಲ್ಲಿ ಕಾಸರಗೋಡಿನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಧರಣಿ ಕುಳಿತರು.

ಆ ತಾಯಂದಿರಲ್ಲಿ ಬಹುಪಾಲು ಜನ ದೇವರನ್ನು ನಂಬುವವರೇ ಇರಬಹುದು. ಹಾಗಿದ್ದರೂ ಧರಣಿಯಲ್ಲಿ ಅವರು ಕೇಳಿದ್ದು ಔಷಧಿ, ಪಿಂಚಣಿ, ಪಟ್ಟಿಯಲ್ಲಿ ಬಿಟ್ಟುಹೋದ ಮಕ್ಕಳ ಹೆಸರು. ‘ಇದು ನಮಗೇ ಏಕೆ ಬಂತು’ ಎಂಬುದಕ್ಕೆ ಧರ್ಮದಲ್ಲಿ ಉತ್ತರವಿರಬಹುದು, ಇಲ್ಲದೆಯೂ ಇರಬಹುದು. ‘ಇನ್ನು ನಾವು ಮಾಡಬೇಕಾದ್ದೇನು’ ಎಂಬುದಕ್ಕೆ ಉತ್ತರ ಹಾಸಿಗೆಯ ಮೇಲಿರುವ ಮಗುವಿನಲ್ಲೇ ಇದೆ. ಬದುಕಿಗೆ ಉದ್ದೇಶ ಒದಗುವುದು ಈ ಎರಡನೆಯ ಪ್ರಶ್ನೆಯಿಂದ, ಅದಕ್ಕೆ ಉತ್ತರಿಸಲು ನಂಬಿಕೆಯ ಅಗತ್ಯವಿಲ್ಲ ಎಂಬುದು ಈ ಲೇಖನದ ನಿಲುವು.

ಉದ್ದೇಶ ಈಡೇರದಿದ್ದರೆ ಬದುಕು ವ್ಯರ್ಥವೇ ಎಂಬ ಪ್ರಶ್ನೆಯನ್ನೂ ಇಲ್ಲೇ ಎತ್ತಿಕೊಳ್ಳಬೇಕು, ಏಕೆಂದರೆ ಪರಲೋಕವಿಲ್ಲದವನಿಗೆ ಸೋಲು ಹೆಚ್ಚು ಕಹಿಯಾಗುತ್ತದೆ ಎಂಬ ವಾದವಿದೆ. ಇಲ್ಲಿನ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿದರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಅದನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬುದು ಅವರ ಬದುಕಿನ ಬಹುದೊಡ್ಡ ಹಂಬಲವಾಗಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗವೂ ಹೇಳಿತು. 2015ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೂ ಅದು ಕೈಗೂಡಿರಲಿಲ್ಲ. ಆ ಬದುಕನ್ನು ವ್ಯರ್ಥವೆಂದು ಇಲ್ಲಿನ ಯಾವ ಕನ್ನಡಿಗರೂ ಹೇಳಲಾರರು. ಅವರು ತರಗತಿಯಲ್ಲಿ ಪಾಠ ಹೇಳಿದರು, ತೋಟದಲ್ಲಿ ದುಡಿದರು, ಬರೆದರು, ಜನರನ್ನು ಸೇರಿಸಿದರು. ಗುರಿ ತಲುಪುವ ಮೊದಲೇ ಗುರಿ ತನ್ನ ಕೆಲಸ ಮಾಡಿಯಾಗಿತ್ತು.

ನಂಬದೆಯೂ ನೇಮಕ್ಕೆ ಹೋಗುವವರು

ಈ ಎರಡು ಪಕ್ಷಗಳ ನಡುವೆ ಮೂರನೆಯದೊಂದಿದೆ. ಬಹುಶಃ ಸಂಖ್ಯೆಯಲ್ಲಿ ಅದೇ ದೊಡ್ಡದು, ಆದರೆ ಗಣತಿಯ ಕಣ್ಣಿಗೆ ಅದು ಬೀಳುವುದಿಲ್ಲ. ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸ ಮಾಡುವ ಯುವಕ ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವಕ್ಕೆ ನಡೆಯುವ ಧರ್ಮನೇಮಕ್ಕೆ ರಜೆ ಹಾಕಿ ಬರುತ್ತಾನೆ. ದೈವದ ನುಡಿಯಲ್ಲಿ ಅವನಿಗೆ ನಂಬಿಕೆ ಇಲ್ಲ. ಆದರೂ ಹಿಂದಿನ ದಿನವೇ ಬಂದು ಚಪ್ಪರಕ್ಕೆ ಕೈಹಾಕುತ್ತಾನೆ, ಊಟಕ್ಕೆ ಎಷ್ಟು ಅಕ್ಕಿ ಬೇಕೆಂದು ಅಡುಗೆಯವರ ಹತ್ತಿರ ಲೆಕ್ಕ ಹಾಕುತ್ತಾನೆ, ರಾತ್ರಿಯಿಡೀ ನಿದ್ದೆಗೆಟ್ಟು ಬಡಿಸುತ್ತಾನೆ, ದೈವ ಹೆಸರು ಹಿಡಿದು ಕರೆದಾಗ ಮಾವಂದಿರ ಸಾಲಿನಲ್ಲಿ ಕೈಮುಗಿದು ನಿಲ್ಲುತ್ತಾನೆ. ಇದನ್ನು ಕಪಟ ಎನ್ನುವವರು ಎರಡೂ ಕಡೆ ಇದ್ದಾರೆ. ಆಸ್ತಿಕರಿಗೆ ಅದು ಅಪಚಾರ, ಯುಕ್ತಿವಾದಿಗಳಿಗೆ ಅದು ಹೇಡಿತನ.

ಎರಡೂ ದೂರುಗಳು ಅವಸರದವು. ಆ ಯುವಕನಿಗೆ ನೇಮದಲ್ಲಿ ಸಿಗುತ್ತಿರುವುದು ವಿವರಣೆಯಲ್ಲ, ಸೇರಿಕೆ. ತನ್ನ ಮುತ್ತಜ್ಜನ ಹೆಸರು ಗೊತ್ತಿರುವ ಜನರ ನಡುವೆ ಒಂದು ರಾತ್ರಿ. ಹೀಗೆ ಸೇರುವುದರಲ್ಲಿ ಒಂದು ಅಪಾಯವಿದೆ ಎಂಬುದೂ ನಿಜ. ಅದೇ ಅಂಗಳದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಗಡಿಯ ಆಚೆ ಇರಬೇಕು ಎಂಬ ಜಾತಿಯ ಲೆಕ್ಕವೂ ಇರುತ್ತದೆ. ನಂಬಿಕೆ ಇಲ್ಲದವನಿಗೆ ಆ ಲೆಕ್ಕವನ್ನು ಒಪ್ಪಿಕೊಳ್ಳಲು ನಂಬಿಕೆಯ ನೆಪವೂ ಇಲ್ಲ. ಬಡಿಸಲು ಬಂದವನು ಪಂಕ್ತಿಭೇದವನ್ನು ಕಂಡು ಸುಮ್ಮನಿದ್ದರೆ, ಅವನ ಅವಿಶ್ವಾಸದಿಂದ ಯಾರಿಗೂ ಏನೂ ಒದಗಲಿಲ್ಲ.

ಕಾಸರಗೋಡಿನ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಈ ನೆಲದಲ್ಲಿ ಕನ್ನಡ ಬಹಿರಂಗವಾಗಿ ಕೇಳಿಬರುವ ಜಾಗಗಳಲ್ಲಿ ದೊಡ್ಡ ಪಾಲು ಭಜನಾ ಮಂದಿರ, ಬ್ರಹ್ಮಕಲಶದ ವೇದಿಕೆ, ಯಕ್ಷಗಾನ ಬಯಲಾಟ, ತಾಳಮದ್ದಳೆ. ಹೀಗಾಗಿ ದೇವಸ್ಥಾನದಿಂದ ದೂರವಾದವನಿಗೆ ತಾನು ಭಾಷೆಯಿಂದಲೂ ದೂರವಾಗುತ್ತಿದ್ದೇನೆ ಎಂಬ ಭಾವನೆ ಬರುತ್ತದೆ. ಎರಡು ಬಗೆಯಲ್ಲಿ ಅಲ್ಪಸಂಖ್ಯಾತನಾಗುವುದು ಯಾರಿಗೂ ಬೇಡ. ಇದಕ್ಕೆ ಪರಿಹಾರ ಬಯಲಾಟವನ್ನು ಬಿಡುವುದಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಸವಿಯಲು ಪುರಾಣವನ್ನು ಚರಿತ್ರೆಯೆಂದು ನಂಬಬೇಕಾಗಿಲ್ಲ. ಧರ್ಮ ಯಾವುದೆಂದು ಕೇಳದ ಕನ್ನಡದ ಜಾಗಗಳು ಹೆಚ್ಚಾಗಬೇಕು. ಕನ್ನಡ ಮಾಧ್ಯಮ ಶಾಲೆ, ಪಂಚಾಯತು ಗ್ರಂಥಾಲಯ, ಕವಿ ಗೋವಿಂದ ಪೈಗಳ ನೆನಪಿನಲ್ಲಿ ಮಂಜೇಶ್ವರದಲ್ಲಿ ಎದ್ದಿರುವ ‘ಗಿಳಿವಿಂಡು’ ಸ್ಮಾರಕ, ಇಂಥವು ಬೇಳದ ಇಗರ್ಜಿಯವರಿಗೂ ಉಪ್ಪಳದ ಬ್ಯಾರಿಗಳಿಗೂ ನಂಬಿಕೆ ತೊರೆದವರಿಗೂ ಸಮಾನವಾಗಿ ತೆರೆದಿರಬಲ್ಲವು.

ಸಾವಿನ ಮನೆಯಲ್ಲಿ ಉಳಿಯುವ ಪ್ರಶ್ನೆ

ನಂಬದವರಿಗೆ ಕೊರತೆಯಿರುವುದು ಅರ್ಥಕ್ಕಿಂತ ಹೆಚ್ಚಾಗಿ ಏರ್ಪಾಡುಗಳದ್ದು ಎಂಬುದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸಾವಿನ ಮನೆಯಲ್ಲಿ. ಕೇರಳದ ಹಿರಿಯ ಕಮ್ಯುನಿಸ್ಟ್ ನಾಯಕ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವರ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೇ, ಕ್ರೈಸ್ತ ವಿಧಿಯಂತೆ ಮಣ್ಣು ಮಾಡಬೇಕೇ ಎಂಬುದರ ಬಗ್ಗೆ ಮಕ್ಕಳಲ್ಲೇ ಭಿನ್ನಾಭಿಪ್ರಾಯ ಬಂತು. ಅವರು ದೇಹದಾನದ ಇಚ್ಛೆಯನ್ನು ಸಾಕ್ಷಿಗಳ ಎದುರು ಹೇಳಿದ್ದರು ಎಂಬುದನ್ನು ಹೈಕೋರ್ಟು ಒಪ್ಪಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ತಳ್ಳಿಹಾಕಿತು. ಇಡೀ ಬದುಕನ್ನು ಸಾರ್ವಜನಿಕವಾಗಿ ಕಳೆದ ನಾಯಕನ ಮನೆಯಲ್ಲೇ ತಿಂಗಳುಗಟ್ಟಲೆ ವ್ಯಾಜ್ಯವಾದರೆ, ಸಾಮಾನ್ಯರ ಮಾತು ನಡೆಯುವುದು ಇನ್ನೂ ಕಷ್ಟ. ಆದ್ದರಿಂದ ಇಂಥ ಇಚ್ಛೆ ಇರುವವರು ಅದನ್ನು ಬರೆದಿಡುವುದು, ಮನೆಯವರಿಗೆ ಮೊದಲೇ ತಿಳಿಸುವುದು, ಆಸ್ತಿಯ ಉಯಿಲಿನ ಬಗ್ಗೆ ವಕೀಲರನ್ನು ಕೇಳಿ ತಿಳಿಯುವುದು ಅಗತ್ಯ. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿದವರಿಗೆ ಉಯಿಲಿನ ದಾರಿಯೂ ಪೂರ್ತಿ ತೆರೆದಿಲ್ಲ, ಏಕೆಂದರೆ ವೈಯಕ್ತಿಕ ಕಾನೂನಿನಲ್ಲಿ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆ ಇಲ್ಲದೆ ಉಯಿಲಿನಲ್ಲಿ ಕೊಡಲು ಬರುವುದಿಲ್ಲ. ಆಲಪ್ಪುಳದ ಅರ್ಜಿಯ ತೀರ್ಪು ಅಷ್ಟು ಮಹತ್ವದ್ದಾಗಿರುವುದು ಇದಕ್ಕೇ.

ಸಾವಿಗೆ ಮುಂಚಿನ ದಿನಗಳಿಗೆ ಮಾತ್ರ ಕೇರಳ ಒಂದು ಒಳ್ಳೆಯ ಮಾದರಿಯನ್ನು ಕಟ್ಟಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ, ಜನ ‘ಪಾಲಿಯೇಟಿವ್’ ಎಂದೇ ಕರೆಯುವ ಸೇವೆ, 2008ರಲ್ಲಿ ಸರ್ಕಾರದ ನೀತಿಯಾಯಿತು. ಇಂದು ಪಂಚಾಯತುಗಳ ಮೂಲಕ ನರ್ಸ್ ಮನೆಮನೆಗೆ ಬರುತ್ತಾರೆ. ಹಾಸಿಗೆ ಹುಣ್ಣಿಗೆ ಮದ್ದು ಹಾಕುತ್ತಾರೆ, ಮೂತ್ರದ ಟ್ಯೂಬು ಬದಲಿಸುತ್ತಾರೆ, ನೋವಿನ ಮಾತ್ರೆಯ ಲೆಕ್ಕ ನೋಡುತ್ತಾರೆ. ಜೊತೆಗೆ ಬಂದ ಸ್ವಯಂಸೇವಕ ರೋಗಿಯ ಪಕ್ಕದಲ್ಲಿ ಕುಳಿತು ಮಳೆಯ ಬಗ್ಗೆ, ಅಡಿಕೆ ಧಾರಣೆಯ ಬಗ್ಗೆ ಮಾತನಾಡುತ್ತಾನೆ. ಗೋಡೆಯಲ್ಲಿ ಯಾವ ಪಟವಿದೆ ಎಂದು ಯಾರೂ ನೋಡುವುದಿಲ್ಲ. ಅದರಲ್ಲಿ ತೊಡಗಿದವರಿಗೂ ಆರೈಕೆ ಪಡೆದವರಿಗೂ ಅರ್ಥದ ಪ್ರಶ್ನೆ ವಾದವಾಗಿ ಉಳಿಯುವುದಿಲ್ಲ, ದಿನದ ಕೆಲಸವಾಗುತ್ತದೆ.

ಇಂಥ ಏರ್ಪಾಡು ಸಾವಿನ ಮರುದಿನಕ್ಕೆ ಇಲ್ಲ. ಬೊಜ್ಜ, ಉತ್ತರಕ್ರಿಯೆ, ನಲ್ವತ್ತರ ಪ್ರಾರ್ಥನೆಯಂಥ ಸಾವಿನ ನಂತರದ ವಿಧಿಗಳೆಲ್ಲ ದುಃಖಕ್ಕೊಂದು ಅವಧಿಯನ್ನು ಗೊತ್ತುಮಾಡುತ್ತವೆ. ಇಷ್ಟು ದಿನ ಅಳು, ಈ ದಿನ ಎಲ್ಲರೊಂದಿಗೆ ಉಣ್ಣು, ನಾಳೆಯಿಂದ ಕೆಲಸಕ್ಕೆ ಏಳು ಎನ್ನುತ್ತವೆ. ನಂಬದವರ ಮನೆಯಲ್ಲಿ ಒಂದು ಶೋಕಸಭೆ, ನಾಲ್ಕು ಭಾಷಣ, ಆಮೇಲೆ ಬಾಗಿಲು ಮುಚ್ಚಿದ ಮನೆ. ಗಂಡನ ಇಚ್ಛೆಯಂತೆ ದೇಹದಾನ ಮಾಡಿದ ಹೆಂಡತಿಗೆ ಹನ್ನೆರಡನೆಯ ದಿನ ನೆಂಟರು ಬರುವುದಿಲ್ಲ, ಏಕೆಂದರೆ ಬರಲು ಒಂದು ನೆಪ ಬೇಕು, ಆ ನೆಪವನ್ನು ಯಾರೂ ಇಟ್ಟಿಲ್ಲ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜು ಬೆಳೆದಂತೆ ಈ ಜಿಲ್ಲೆಯಲ್ಲೂ ದೇಹದಾನ ಮಾಡುವವರು ಹೆಚ್ಚಬಹುದು. ಆಗ ಈ ಕೊರತೆ ಇನ್ನಷ್ಟು ಮನೆಗಳಲ್ಲಿ ಕಾಣಿಸುತ್ತದೆ. ಗ್ರಂಥಾಲಯಗಳು, ಹೆಂಗಸರ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀ ಘಟಕಗಳು, ಪಾಲಿಯೇಟಿವ್ ಸ್ವಯಂಸೇವಕರು ಸೇರಿ ಸಾವಾದ ಮನೆಗೆ ಮೊದಲ ತಿಂಗಳು ಪಾಳಿಯಂತೆ ಹೋಗುವ, ಒಂದು ದಿನ ಗೊತ್ತುಮಾಡಿ ಆ ಮನೆಯಲ್ಲೇ ಅಡುಗೆ ಮಾಡಿ ಒಟ್ಟಿಗೆ ಉಣ್ಣುವ ಕ್ರಮವನ್ನು ಆರಂಭಿಸುವುದಕ್ಕೆ ಯಾವ ಕಾನೂನೂ ಬೇಕಾಗಿಲ್ಲ, ಯಾವ ನ್ಯಾಯಾಲಯದ ಆದೇಶಕ್ಕೂ ಕಾಯಬೇಕಾಗಿಲ್ಲ.